ಮೂವತ್ತೆಂಟು ಹೆಬ್ಬೆಟ್ಟು

ಆಗಸ್ಟ್ ೧೮, ಸೋಮವಾರ

ಹಾಲಿನವನು ಇವತ್ತೂ ಪ್ಯಾಕೆಟ್ಟನ್ನು ಗೇಟಿನ ಹೊರಗೇ ಇಟ್ಟು ಹೋಗಿದ್ದಾನೆ. ಬೇಕೆಂದೇ ಮಾಡುತ್ತಾನೆ. ಹೆಂಡತಿ ಅಲಮೇಲುಗೆ ಹೇಳಿದರೆ, "ಮೂವತ್ತೊಂದು ವರ್ಷ ಕಳ್ಳರ ಬೆರಳು ನೋಡಿ ನೋಡಿ ನಿಮಗೆ ಹಾಲಿನವನೂ ಕಳ್ಳನ ಹಾಗೇ ಕಾಣ್ತಾನೆ" ಅಂದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ನನ್ನ ಅಭಿಪ್ರಾಯ ಒಂದು ಸಲವೂ ಕೋರ್ಟಿನಲ್ಲಿ ಬಿದ್ದುಹೋಗಿಲ್ಲ. ಅದು ಯಾರನ್ನೂ ನಂಬದೆ ಇದ್ದುದಕ್ಕೆ ಬಂದ ಹೆಸರು.

ಹನ್ನೊಂದು ಗಂಟೆಗೆ ವಿಷ್ಣು ಬಂದ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವರ ಮಗ. ಈಗ ಜೆ.ಪಿ. ನಗರದಲ್ಲಿ ಆಫೀಸು ಇಟ್ಟಿದ್ದಾನೆ. ರಸ್ತೆಯೋ ಸೇತುವೆಯೋ ಕಟ್ಟುವ ಮುಂಚೆ ಅದರಿಂದ ಪರಿಸರಕ್ಕೆ, ಜನಕ್ಕೆ ಏನು ತೊಂದರೆ ಅಂತ ವರದಿ ಬರೆಯುವ ಕಂಪನಿ. ಆ ವರದಿ ಬರೆಸುವವರು ರಸ್ತೆ ಕಟ್ಟುವವರೇ. ಗಂಡಿನ ಕಡೆಯವರೇ ಎರಡೂ ಜಾತಕ ಬರೆಸಿದ ಹಾಗೆ. ಅದನ್ನು ಅವನ ಮುಖಕ್ಕೇ ಹೇಳಿದೆ. ನಕ್ಕ. ಜಾಸ್ತಿಯೇ ನಕ್ಕ.

ಒಂದು ಕವರು ಕೊಟ್ಟ. ಕನಕಪುರ ರಸ್ತೆಯಿಂದಾಚೆ ಕಾಡಂಚಿನಲ್ಲಿ ಹೊಸದಾಗಿ ನಾಲ್ಕು ಪಥದ ರಸ್ತೆ ಬರುತ್ತದಂತೆ. ಅಲ್ಲಿ ಮುತ್ತುಗದದೊಡ್ಡಿ ಅಂತ ಇರುಳಿಗ ಬುಡಕಟ್ಟಿನವರ ಹಾಡಿ, ನಲವತ್ತೊಂದು ಮನೆ. ಅವರು ತಕರಾರು ಅರ್ಜಿ ಕೊಟ್ಟಿದ್ದಾರೆ. 'ನಾವು ಗೆಡ್ಡೆ ಅಗೆಯುವ ಗುಡ್ಡ ಹೋಗುತ್ತದೆ, ಹಿರಿಯರನ್ನು ಹೂತ ಜಾಗ ಹೋಗುತ್ತದೆ, ನಮ್ಮನ್ನು ಯಾರೂ ಕೇಳಿಲ್ಲ.' ಕೆಳಗೆ ಮೂರು ಸಹಿ, ಮೂವತ್ತೆಂಟು ಹೆಬ್ಬೆಟ್ಟು.

"ನಮ್ಮ ರಿಪೋರ್ಟಲ್ಲಿ ಕಾಡನ್ನ ನಂಬಿಕೊಂಡಿರೋ ಕುಟುಂಬ ಯಾವುದೂ ಇಲ್ಲ ಅಂತಿದೆ ಸಾರ್. ಈ ಅರ್ಜಿ ನಿಜ ಆದ್ರೆ ರೋಡನ್ನೇ ಶಿಫ್ಟ್ ಮಾಡ್ಬೇಕು. ನನಗ್ಯಾಕೋ ಇದು ಡೌಟು. ಸುಮ್ನೆ ಒಂದ್ಸಲ ನೋಡಿ ಹೇಳಿ."

'ಸುಮ್ನೆ' ಎಂದು ಶುರುವಾಗುವ ಕೆಲಸ ಯಾವುದೂ ಸುಮ್ಮನೆ ಇರುವುದಿಲ್ಲ. ಆದರೆ ಕವರನ್ನು ವಾಪಸು ಕೊಡಲಿಲ್ಲ. ಏಳು ವರ್ಷವಾಯಿತು, ನಾನು ರಿಟೈರಾಗಿ, ನನ್ನ ಹತ್ತಿರ ಯಾರಾದರೂ ಏನಾದರೂ ನೋಡಿ ಹೇಳಿ ಅಂದು.

ಆಗಸ್ಟ್ ೨೦, ಬುಧವಾರ

ಎರಡು ದಿನ ಕೂತು ನೋಡಿದೆ. ಭೂತಗನ್ನಡಿಯ ಕೆಳಗೆ ಮೂವತ್ತೆಂಟೂ ಖಾಲಿ. ಶಾಯಿ ಇದೆ, ಹೆಬ್ಬೆರಳಿನ ಆಕಾರವಿದೆ, ಒಳಗೆ ಗೆರೆಯೇ ಇಲ್ಲ. ಸುಳಿಯಿಲ್ಲ, ಕಮಾನಿಲ್ಲ, ಏನೂ ಇಲ್ಲ. ಆಲೂಗಡ್ಡೆ ತುಂಡನ್ನು ಶಾಯಿಗೆ ಅದ್ದಿ ಒತ್ತಿದ ಹಾಗಿದೆ.

ದುಡಿಯುವ ಕೈಯಲ್ಲಿ ಗೆರೆ ಸವೆಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಗಾರೆಯವರದು ಸವೆಯುತ್ತದೆ, ಮುದುಕರದು ಸವೆಯುತ್ತದೆ. ಹತ್ತರಲ್ಲಿ ಒಂದೋ ಎರಡೋ. ಆದರೆ ಒಂದು ಊರಿನಲ್ಲಿ ಮೂವತ್ತೆಂಟಕ್ಕೆ ಮೂವತ್ತೆಂಟೂ ಸವೆದಿದೆ ಅಂದರೆ ನಂಬಲು ನಾನೇನು ನಿನ್ನೆ ಹುಟ್ಟಿದವನೇ? ಯಾರೋ ಒಬ್ಬರು ಟೇಬಲ್ಲಿನ ಮುಂದೆ ಕೂತು, ಬೆರಳಿಗೆ ಬಟ್ಟೆಯೋ ರಬ್ಬರೋ ಸುತ್ತಿಕೊಂಡು ಒತ್ತಿದ್ದಾರೆ.

ಅಲಮೇಲು ಇಣುಕಿ, "ಎಷ್ಟು ದಿನ ಆಯ್ತು ನಿಮ್ಮ ಮುಖದಲ್ಲಿ ಇಷ್ಟು ಸಂತೋಷ ನೋಡಿ" ಅಂದಳು. ವ್ಯಂಗ್ಯವೋ ಏನೋ. ಇವಳ ಮಾತು ನಲವತ್ತು ವರ್ಷದಿಂದಲೂ ನನಗೆ ಪೂರ್ತಿ ಅರ್ಥವಾಗಿಲ್ಲ.

ಆಗಸ್ಟ್ ೨೨, ಶುಕ್ರವಾರ

ವಿಷ್ಣುವಿನ ಆಫೀಸಿಗೆ ಹೋಗಿದ್ದೆ. ಎರಡು ಸಲ ಕಾಫಿ ಕೊಡಿಸಿದ. ಒಂದು ಸಲ ಕೊಟ್ಟರೆ ಮರ್ಯಾದೆ. ಎರಡು ಸಲ ಕೊಟ್ಟರೆ ಏನೋ ಕೆಲಸ ಆಗಬೇಕಿದೆ ಎಂದೇ ಅರ್ಥ.

ಆ ಅರ್ಜಿಯನ್ನು ತಂದವಳು ಅವನದೇ ಆಫೀಸಿನ ದಾನಮ್ಮ. ಮನೆಮನೆ ಸರ್ವೆ ಮಾಡುವವಳು. ವಿಜಯಪುರದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ರೂಮು. ಕರೆಸಿ ಕೇಳಿದೆ.

"ಈ ಹೆಬ್ಬೆಟ್ಟು ಒತ್ತುವಾಗ ನೀನು ಎಲ್ಲಿದ್ದೆ?"

"ಅಲ್ಲೇ ಇದ್ನಿರಿ ಸರ. ಹುಣಸೀಗಿಡದ ಬುಡಕ್ಕ ಕುಂತು ಒಬ್ಬೊಬ್ರೇ ಒತ್ತ್ಯಾರ. ನಾ ಕಣ್ಣಾರೆ ನೋಡೀನ್ರಿ."

"ಮೂವತ್ತೆಂಟು ಜನದ್ದೂ?"

"ಎಲ್ಲಾರ್ದೂರಿ. ಮೊದಲ ಗೂಳಪ್ಪಜ್ಜ ಒತ್ತಿದ, ಆಮ್ಯಾಲ ಉಳಿದಾವ್ರು."

ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದಳು. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎನ್ನುವುದೆಲ್ಲ ಸಿನಿಮಾ ಮಾತು. ಪಳಗಿದವರು ನೇರವಾಗಿಯೇ ನೋಡುತ್ತಾರೆ. ಆಫೀಸಿನ ಸಂಬಳ ತೆಗೆದುಕೊಂಡು ಆಫೀಸಿನ ವಿರುದ್ಧದ ಅರ್ಜಿಯನ್ನು ಹೊತ್ತು ತರುವವಳನ್ನು ಏನೆಂದು ತಿಳಿಯುವುದು? ಇವಳೇ ಒತ್ತಿದ್ದರೂ ಒತ್ತಿರಬಹುದು.

ಅಭಿಪ್ರಾಯ ಬರೆದುಕೊಟ್ಟೆ. 'ಈ ಮೂವತ್ತೆಂಟು ಗುರುತುಗಳಲ್ಲಿ ರೇಖೆಗಳು ಕಾಣುವುದಿಲ್ಲ. ಇವು ಬೆರಳಿನಿಂದ ಒತ್ತಿದವೇ ಎಂದು ಶಂಕಿಸಲು ಕಾರಣವಿದೆ.' ಸಹಿ ಹಾಕುವಾಗ ಕೈ ನಡುಗಲಿಲ್ಲ. ಅರವತ್ತೇಳರ ವಯಸ್ಸಿಗೆ ಇದು ಕಡಿಮೆಯದಲ್ಲ.

ಆಗಸ್ಟ್ ೨೮, ಗುರುವಾರ

ಹಬ್ಬಕ್ಕೆ ವಿಷ್ಣು ಮೈಸೂರುಪಾಕಿನ ಡಬ್ಬ ಕಳಿಸಿದ್ದಾನೆ. ದೊಡ್ಡ ಡಬ್ಬ. ಎರಡು ತಿಂದೆ.

ಸೆಪ್ಟೆಂಬರ್ ೧೬, ಮಂಗಳವಾರ

ದಾನಮ್ಮ ಮನೆಗೇ ಬಂದಿದ್ದಳು. ವಿಳಾಸ ಯಾರು ಕೊಟ್ಟರು ಅಂತ ಕೇಳಿದ್ದಕ್ಕೆ, "ತ್ಯಾಗರಾಜನಗರದಾಗ ಬೆರಳಚ್ಚಿನ ಶಾಮಣ್ಣನ ಮನಿ ಅಂದ್ರ ಎಲ್ಲಾರಿಗೂ ಗೊತ್ತೈತ್ರಿ" ಅಂದಳು. ಹೊಗಳಿ ಒಳಗೆ ಬರುವ ಉಪಾಯ ಅಂತ ಬಾಗಿಲಲ್ಲೇ ನಿಲ್ಲಿಸಿಕೊಂಡೆ. ಅಲಮೇಲು ನನ್ನನ್ನು ಸರಿಸಿ ಅವಳನ್ನು ಕರೆದು ಕೂರಿಸಿದಳು.

ಕೆಲಸದಿಂದ ತೆಗೆದಿದ್ದಾರಂತೆ. ಅದಕ್ಕೆ ಬಂದದ್ದಲ್ಲ ಅಂದಳು. ಬ್ಯಾಗಿನಿಂದ ವಿಷ್ಣುವಿನ ವರದಿಯ ಒಂದು ಪುಟ ತೆಗೆದಳು. 'ಹೆಬ್ಬೆಟ್ಟಿನ ಗುರುತುಗಳೆಲ್ಲ ನಕಲಿ ಎಂದು ನಿವೃತ್ತ ತಜ್ಞರು ದೃಢಪಡಿಸಿದ್ದಾರೆ. ಆದ್ದರಿಂದ ಆಕ್ಷೇಪಣೆಯನ್ನು ಪರಿಗಣಿಸುವ ಅಗತ್ಯವಿಲ್ಲ.' ನಾನು ಬರೆದದ್ದು ಶಂಕೆ. ಅವನು ಬರೆದುಕೊಂಡದ್ದು ದೃಢ. ಇಷ್ಟು ಅನುಭವ ಇಟ್ಟುಕೊಂಡು ನಾನು ಇದನ್ನು ಮೊದಲೇ ಊಹಿಸಬೇಕಿತ್ತು. ಮೈಸೂರುಪಾಕಿನ ಡಬ್ಬ ನೋಡಿಯಾದರೂ ಊಹಿಸಬೇಕಿತ್ತು.

"ಅರ್ಜಿ ಒಳಗ ಮೊದಲ್ನೇ ಹೆಸರು ಗೂಳಪ್ಪಜ್ಜಂದಿತ್ತಲ್ರಿ. ಖೊಟ್ಟಿ ಕಾಗದ ಮಾಡೀದಿ ಅಂತ ಠಾಣೆಕ್ಕ ಎರಡ್ಸಲ ಕರಸಿದ್ರು. ಎಂಬತ್ತರ ಮುದುಕ. ಇಡೀ ದಿನ ಕುಂದ್ರಿಸಿ ಕಳಸ್ಯಾರ. ಹೋದ ವಾರ ಜ್ವರ ಬಂದು ತೀರಿಕೊಂಡ. ಕಡೀತನಕ 'ನಾ ಕಳ್ಳ ಅಲ್ಲ, ನಾ ಕಳ್ಳ ಅಲ್ಲ' ಅಂತಿದ್ನಂತ್ರಿ."

ಫೋನಿನಲ್ಲಿ ಅವರ ಕೈಗಳ ಫೋಟೋ ತೋರಿಸಿದಳು. ಈ ಕಾಲದ ಫೋಟೋ ಯಾರು ನಂಬುತ್ತಾರೆ? ಏನು ಬೇಕಾದರೂ ಮಾಡಬಹುದು. ಹಾಗೇ ಹೇಳಿದೆ. ಆಕೆ ಫೋನನ್ನು ಬ್ಯಾಗಿಗೆ ಹಾಕಿಕೊಂಡು, "ಹಂಗಾರ ಕೈಯ್ಯಾದ್ರೂ ನೋಡ್ರಿ ಸರ. ಮುಂದಿನ ತಿಂಗಳ ಎಂಟಕ್ಕ ಸಾರ್ವಜನಿಕ ಸಭೆ ಐತಿ. ಅಲ್ಲಿ ನಿಮ್ಮ ಕಾಗದಾನ ಓದ್ತಾರ. ಆಮ್ಯಾಲ ಮುಗೀತು" ಅಂದಳು. ಅಲಮೇಲು ಅವಳಿಗೆ ಬಿಸಿಬೇಳೆಬಾತು ಬಡಿಸಿದಳು. ನಾನು ಒಳಕೋಣೆಗೆ ಹೋಗಿ ಕೂತೆ.

ಅವಳು ಹೋದ ಮೇಲೆ ಅಲಮೇಲು, "ಅವಳು ಸುಳ್ಳು ಹೇಳ್ತಿದ್ರೆ ಹೋಗಿ ಹಿಡೀರಿ. ಇಲ್ಲಿ ಕೂತು ಗೊಣಗಬೇಡಿ" ಅಂದಳು.

ಸರಿ. ಹೇಳದೆ ಕೇಳದೆ ಹೋಗಬೇಕು. ಹೇಳಿ ಹೋದರೆ ಕೈಗಳನ್ನೂ ತಯಾರು ಮಾಡಿಟ್ಟಿರುತ್ತಾರೆ.

ಸೆಪ್ಟೆಂಬರ್ ೧೯, ಶುಕ್ರವಾರ

ಬೆಳಗ್ಗೆ ಜರಗನಹಳ್ಳಿ ಸ್ಟಾಪಿನಲ್ಲಿ ಬಸ್ಸು ಹತ್ತಿದೆ. ದಾನಮ್ಮನಿಗೆ ತಿಳಿಸಲಿಲ್ಲ. ಜೇಬಿನಲ್ಲಿ ಭೂತಗನ್ನಡಿ, ಚೀಲದಲ್ಲಿ ಶಾಯಿಯ ಪ್ಯಾಡು. ಕೊನೆಯ ಎರಡು ಮೈಲಿ ಆಟೋ. ಆಟೋದವನು ಯಾವ ಇಲಾಖೆ ಸಾರ್ ಅಂತ ಮೂರು ಸಲ ಕೇಳಿದ. ಹೇಳಲಿಲ್ಲ.

ಹಾಡಿಯ ಬಾಯಲ್ಲೇ ಒಂದು ಟೆಂಪೋ ನಿಂತಿತ್ತು. ಇವತ್ತು ರೇಷನ್ ದಿನವಂತೆ. ನ್ಯಾಯಬೆಲೆ ಅಂಗಡಿಯವನು ಸ್ಟೂಲಿನ ಮೇಲೆ ಬೆರಳು ಒತ್ತುವ ಮೆಷಿನ್ನು ಇಟ್ಟುಕೊಂಡು ಕೂತಿದ್ದ. ನಾನು ಬರುವುದು ಯಾರಿಗೂ ಗೊತ್ತಿರಲಿಲ್ಲ. ಇದನ್ನು ಬರೆದಿಡುತ್ತೇನೆ, ಯಾಕೆಂದರೆ ಇದು ನನಗಾಗಿ ಹೂಡಿದ ಆಟವಲ್ಲ ಎಂಬುದು ಮುಖ್ಯ.

ಮೊದಲ ಹೆಂಗಸು ಹೆಬ್ಬೆಟ್ಟು ಒತ್ತಿದಳು. ಮೆಷಿನ್ನು ಕೀಂಯ್ ಅಂದಿತು. ಸೆರಗಿಗೆ ಒರೆಸಿ ಒತ್ತಿದಳು, ಕೀಂಯ್. ತಲೆಗೂದಲಿಗೆ ಉಜ್ಜಿ ಎಣ್ಣೆಪಸೆ ಮಾಡಿಕೊಂಡು ಒತ್ತಿದಳು, ಕೀಂಯ್. ಹತ್ತು ಬೆರಳೂ ಮುಗಿದ ಮೇಲೆ ಅಂಗಡಿಯವನು, "ಬಿಡಮ್ಮ, ಫೋನಿಗೆ ನಂಬರ್ ಬರ್ತದೆ" ಅಂದ. ಊರಿಗೆಲ್ಲ ನಾಲ್ಕು ಫೋನು. ಎರಡನೆಯವಳಿಗೂ ಹೀಗೇ. ಮೂರನೆಯವನಿಗೂ. ನಾನು ಹುಣಸೆಮರದ ಕೆಳಗೆ ನಿಂತು ಒಂದೂವರೆ ಗಂಟೆ ನೋಡಿದೆ. ಮೆಷಿನ್ನು ಒಪ್ಪಿಕೊಂಡದ್ದು ಶಾಲೆಗೆ ಹೋಗುವ ಇಬ್ಬರು ಹುಡುಗಿಯರನ್ನು ಮಾತ್ರ.

ಅಂಗಡಿಯವನನ್ನು ಕೇಳಿದೆ. "ಇದು ಹೊಸದಲ್ಲ ಸಾರ್. ನಾಕು ವರ್ಷದಿಂದ ಇಂಗೇ. ಕಾಡಿಗೆ ಬೇಲಿ ಹಾಕಿ ಇವ್ರನ್ನ ಬಿಡ್ತಿಲ್ಲ ನೋಡಿ, ಹಗಲೊತ್ತು ಎಲ್ರೂ ಆ ಕ್ರಷರ್‌ಗೆ ಹೋಯ್ತಾರೆ. ಬರಿಗೈಲಿ ಜಲ್ಲಿ ಆರಿಸೋದು. ಕದ್ದು ಮುಚ್ಚಿ ಗುಡ್ಡ ಹತ್ತಿ ಒಸಿ ಗೆಡ್ಡೆ ತರ್ತಾರೆ, ಅದು ಒಟ್ಟೆಗೆ."

ಗುಡ್ಡದ ಆಚೆ ಕ್ರಷರಿನ ಧೂಳು ಎದ್ದಿತ್ತು. ಹತ್ತರಲ್ಲಿ ಒಬ್ಬರದು ಸವೆಯುತ್ತದೆ ಎಂಬುದು ನನ್ನ ಲೆಕ್ಕ. ಆ ಲೆಕ್ಕ ಹತ್ತು ಜನ ಹತ್ತು ಕೆಲಸ ಮಾಡುವ ಊರಿಗೆ. ಇಡೀ ಊರಿಗೆ ಒಂದೇ ಕೆಲಸ ಇರಬಹುದೆಂದು ತ್ಯಾಗರಾಜನಗರದಲ್ಲಿ ಕೂತ ನನಗೆ ಹೊಳೆಯಲೇ ಇಲ್ಲ. ಮೂವತ್ತೆಂಟೂ ಒಂದೇ ಥರ ಇದೆ ಅಂದಾಗ ಯಾರೋ ಒಬ್ಬ ಮೋಸ ಮಾಡಿದ್ದಾನೆ ಎಂದು ನೋಡಿದೆನೇ ಹೊರತು, ಎಲ್ಲರಿಗೂ ಒಂದೇ ಗತಿ ಬಂದಿದೆ ಎಂದು ನೋಡಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು. ಬಿಸಿಲಿಗೆ ಅಂತ ಹೇಳಿಕೊಳ್ಳಬಹುದಿತ್ತು, ಆದರೆ ನಾನು ನೆರಳಿನಲ್ಲಿದ್ದೆ.

ಗೂಳಪ್ಪನ ಮನೆ ಕೇಳಿಕೊಂಡು ಹೋದೆ. ಹೆಂಡತಿ ಸಾವಂದಮ್ಮ ಹೊಸ್ತಿಲಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ನಾನು ಯಾರೆಂದು ಹೇಳದೆ, ಕೈ ತೋರಿಸಿ ಅಂದೆ. ಡಾಕ್ಟರು ಅಂದುಕೊಂಡಳೋ ಏನೋ, ತೋರಿಸಿದಳು. ಭೂತಗನ್ನಡಿ ಹಿಡಿದೆ. ಹಳೆಯ ದೋಸೆಹೆಂಚಿನ ಹಾಗೆ ನುಣ್ಣಗಿತ್ತು. ಸರಿ, ಕಾಗದದ ಮೇಲೆ ಒಂದು ಸಲ ಒತ್ತಿಸಿಕೊಂಡು, ನಾನು ಬರೆದದ್ದು ತಪ್ಪೆಂದು ತೋರಿಸಬೇಕು ಅಂತ ಪ್ಯಾಡು ತೆಗೆದೆ. ಆಗ ಯಾರೆಂದು ಹೇಳಲೇಬೇಕಾಯಿತು.

ಸಾವಂದಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಒಂದ್ಸಲ ಒತ್ತುದ್ರೆ ಸುಳ್ಳು ಅಂದ್ರಿ ಸಾಮಿ. ಈಗ ಒತ್ತುದ್ರೆ ಇನ್ನೇನಂತೀರೋ. ನಮ್ಮೆಜಮಾನ ತೀರ್ಕಂಡ. ಇನ್ನ ಯಾರ್ನ ಕರ್ಸೀರಿ?"

"ಇಲ್ಲಮ್ಮ, ನಿಮಗೆ ಒಳ್ಳೇದು ಮಾಡಕ್ಕೇ ಬಂದಿದೀನಿ."

"ರೋಡ್ನೋರೂ ಅಂಗೇ ಅಂದ್ರು."

ಕೊಡಲಿಲ್ಲ. ಅಕ್ಕಪಕ್ಕದವರೂ ಕೊಡಲಿಲ್ಲ. ಒಬ್ಬ ನನ್ನ ಚೀಲದಲ್ಲಿ ಬೇರೆ ಏನಿದೆ ಅಂತ ತೆಗೆಸಿ ನೋಡಿದ. ನೀರಿನ ಬಾಟಲು, ಅಲಮೇಲು ಕಟ್ಟಿಕೊಟ್ಟಿದ್ದ ಚಪಾತಿ.

ಸೆಪ್ಟೆಂಬರ್ ೨೦, ಶನಿವಾರ

ಏನೂ ಬರೆಯುವ ಮನಸ್ಸಿಲ್ಲ. ಚಪಾತಿ ಹಾಗೇ ವಾಪಸು ತಂದಿದ್ದಕ್ಕೆ ಅಲಮೇಲು ಬೈದಳು.

ಸೆಪ್ಟೆಂಬರ್ ೨೪, ಬುಧವಾರ

ಅಭಿಪ್ರಾಯವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಸೋಮವಾರವೇ ವಿಷ್ಣುವಿಗೆ ಕಾಗದ ಕಳಿಸಿದ್ದೆ. ಇವತ್ತು ಬೆಳಗ್ಗೆ ಓಡಿ ಬಂದ. ಕಾಫಿ ಬೇಡ ಅಂದ.

"ಯಾರು ಸಾರ್ ನಿಮ್ಮ ತಲೆಗೆ ತುಂಬಿದ್ದು? ಆ ದಾನಮ್ಮನಾ? ಅವಳ ಹಿಂದೆ ಯಾರಿದಾರೆ ಗೊತ್ತಾ?"

"ನಾನೇ ಹೋಗಿ ನೋಡಿದೆ ಕಣೋ."

"ನಿಮ್ಮನ್ನ ಕರ್ಕೊಂಡು ಹೋಗಿ ತೋರಿಸಿದಾರೆ. ಡ್ರಾಮಾ ಸಾರ್ ಅದು."

ಅವನು ಮಾತಾಡುತ್ತಿದ್ದರೆ ನನಗೆ ವಿಚಿತ್ರವೆನಿಸಿತು. ಯಾರು ಕಳಿಸಿದರು, ಹಿಂದೆ ಯಾರಿದ್ದಾರೆ, ಎಲ್ಲ ನಾಟಕ. ಈ ಮಾತುಗಳನ್ನು ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಎಲ್ಲಿ ಅಂತ ಅಲಮೇಲುವನ್ನು ಕೇಳಿದರೆ ನಕ್ಕಳು.

ಹೋಗುವಾಗ ವಿಷ್ಣು ಗೇಟಿನ ಹತ್ತಿರ ನಿಂತು ಮೆಲ್ಲಗೆ ಹೇಳಿದ. "ಒಂದು ಯೋಚನೆ ಮಾಡಿ ಸಾರ್. ಮೂವತ್ತೊಂದು ವರ್ಷ ನಿಮ್ಮ ಮಾತಿನ ಮೇಲೆ ಎಷ್ಟು ಜನ ಜೈಲಿಗೆ ಹೋಗಿದಾರೆ? ಈಗ ಎಲ್ಲರೆದುರಿಗೆ ನಾನು ತಪ್ಪು ನೋಡಿದೆ ಅಂದ್ರೆ, ಅವ್ರೆಲ್ಲಾ ಏನಂತಾರೆ?"

ಸಂಜೆಯವರೆಗೂ ಅದೇ ತಲೆಯಲ್ಲಿದೆ. ಒಬ್ಬೊಬ್ಬರ ಹೆಸರೂ ನೆನಪಾಗುತ್ತಿದೆ. ಅವರ ಗೆರೆಗಳು ಸ್ಪಷ್ಟವಾಗಿದ್ದವು, ನಾನು ಸರಿಯಾಗಿಯೇ ನೋಡಿದ್ದೆ. ಸರಿಯಾಗಿಯೇ ನೋಡಿದ್ದೆ ಅಂದುಕೊಂಡಿದ್ದೇನೆ. ಇದ್ದ ಒಂದೇ ಆಸ್ತಿ ಹೆಸರು. ಅದನ್ನೂ ಸಭೆಯ ಶಾಮಿಯಾನದ ಕೆಳಗೆ ಹರಾಜಿಗೆ ಇಡಬೇಕೇ? ಯಾವ ಕುಂಬಳಕಾಯಿ ಕದ್ದೆನೆಂದು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ?

ಭಯವಾಗುತ್ತಿದೆ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವುದಿಲ್ಲ.

ಅಕ್ಟೋಬರ್ ೪, ಶನಿವಾರ

ಹಾಲಿನವನು ಊರಿಗೆ ಹೋಗಿದ್ದಾನಂತೆ, ತಾಯಿಗೆ ಹುಷಾರಿಲ್ಲ. ಪಾಪ. ನಾಲ್ಕು ದಿನದಿಂದ ನಾನೇ ಬೂತಿಗೆ ಹೋಗಿ ತರುತ್ತಿದ್ದೇನೆ.

ಅಕ್ಟೋಬರ್ ೮, ಬುಧವಾರ

ಸಭೆ ಹಾಡಿಗೆ ಒಂದು ಮೈಲಿ ದೂರದ ಶಾಲೆಯ ಬಯಲಿನಲ್ಲಿತ್ತು. ಶಾಮಿಯಾನ, ಮೈಕು, ಮೇಜಿನ ಮೇಲೆ ನೀರಿನ ಬಾಟಲುಗಳು. ಅಲಮೇಲುವೂ ಬಂದಿದ್ದಳು, ಬೇಡ ಅಂದರೂ ಕೇಳಲಿಲ್ಲ. ದಾನಮ್ಮ ಹಾಡಿಯವರ ಜೊತೆ ಕೆಳಗೆ ಚಾಪೆಯ ಮೇಲೆ ಕೂತಿದ್ದಳು.

ವಿಷ್ಣು ಹಿಂದಿನ ವರದಿಯನ್ನೇ ಓದಿದ. 'ತಜ್ಞರು ದೃಢಪಡಿಸಿದ್ದಾರೆ' ಎಂಬಲ್ಲಿಗೆ ಬಂದಾಗ ನಾನು ಎದ್ದು ನಿಂತೆ. ಮೈಕು ಕೊಡಲು ಹಿಂದೆಮುಂದೆ ನೋಡಿದರು. ಮೈಕಿಲ್ಲದೆಯೇ ಹೇಳಿದೆ. "ಆ ತಜ್ಞ ನಾನೇ. ನಾನು ತಪ್ಪು ಬರೆದಿದ್ದೆ. ಈ ಜನರ ಬೆರಳಲ್ಲಿ ಗೆರೆ ಸವೆದಿದೆ. ಕಾಗದ ನೋಡಿದೆ, ಕೈ ನೋಡಲಿಲ್ಲ."

ರಸ್ತೆ ಕಂಪನಿಯ ವಕೀಲ ಎದ್ದು, "ಆಗ ತಪ್ಪು ಮಾಡಿದವರು ಈಗ ಮಾಡ್ತಿಲ್ಲ ಅಂತ ಏನು ಗ್ಯಾರಂಟಿ?" ಅಂದ. ಒಳ್ಳೆಯ ಪ್ರಶ್ನೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ತಾಳ್ಮೆಯ ಮನುಷ್ಯ. ತಜ್ಞರ ಜಗಳ ಬೇಡ, ಒತ್ತಿದವರೇ ಬಂದು ಹೇಳಲಿ ಅಂದ. ಪಟ್ಟಿಯನ್ನು ಕೆಳಗಿನಿಂದ ಹಿಡಿದು ಹೆಸರು ಕೂಗಿದರು. ಒಬ್ಬೊಬ್ಬರೇ ಚಾಪೆಯಿಂದ ಎದ್ದು ಮೈಕಿನ ಮುಂದೆ ಬಂದು, ಹೆಸರು ಹೇಳಿ, "ಈ ಎಬ್ಬೆಟ್ಟು ನಂದೇ" ಅಂದು ಹೋಗಿ ಕೂತರು. ಕೆಲವರಿಗೆ ಮೈಕು ಎಟುಕಲಿಲ್ಲ. ದ್ಯಾಮಣ್ಣ ಎಂಬೊಬ್ಬ ಅಷ್ಟಕ್ಕೇ ನಿಲ್ಲದೆ, "ಗುಡ್ಡನೂ ನಮ್ದೇ" ಅಂತ ಸೇರಿಸಿದ. ಮೂವತ್ತೇಳು ಮಂದಿ ಬಂದು ಹೋದರು. ಉಳಿದದ್ದು ಪಟ್ಟಿಯ ಮೊದಲನೆಯ ಹೆಸರು.

ಗೂಳಪ್ಪ, ಅಂತ ಮೂರು ಸಲ ಕೂಗಿದರು. ಅವನು ತೀರಿಕೊಂಡದ್ದು ಗುಮಾಸ್ತನಿಗೆ ಗೊತ್ತಿರಲಿಲ್ಲ. ಸಾವಂದಮ್ಮ ಎದ್ದು ಬಂದಳು.

"ಅವ್ನಿಲ್ಲ. ಅದು ನನ್ ಗಂಡಂದೇ ಎಬ್ಬೆಟ್ಟು. ನಾನ್ ಪಕ್ದಲ್ಲೇ ಕುಂತಿದ್ದೆ. ಅವ್ನು ಕಳ್ಳ ಅಲ್ಲ ಅಂತ ಬರ್ಕಳಿ."

ವಕೀಲ, "ತೀರಿಕೊಂಡವರದ್ದು ಒಪ್ಪಕ್ಕಾಗಲ್ಲ ಸಾರ್. ಹೆಂಡತಿ ಮಾತು ಸಾಕ್ಷಿ ಆಗಲ್ಲ, ಕಣ್ಣಾರೆ ನೋಡಿದೆ ಅನ್ನೋ ಆ ದಾನಮ್ಮನ್ನ ಕೆಲಸದಿಂದ ತೆಗೆದಿದಾರೆ. ಅದೊಂದು ಖೊಟ್ಟಿ ಅಂತಲೇ ದಾಖಲಾಗಲಿ" ಅಂದ. ಒಂದು ಖೊಟ್ಟಿಯೆಂದಾದರೆ ಇಡೀ ಅರ್ಜಿಯ ಮೇಲೆ ಮತ್ತೆ ಕೈ ಹಾಕಬಹುದು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಅಧಿಕಾರಿ ನನ್ನ ಕಡೆ ತಿರುಗಿದ. "ನೀವು ನೋಡಿ ಹೇಳಿ. ಇದು ಗೂಳಪ್ಪ ಅನ್ನೋರದ್ದೇನಾ?"

ಹಾಳೆ ನನ್ನ ಮುಂದೆ ಬಂತು. ಮೊದಲನೆಯ ಗುರುತು, ಬರೀ ಶಾಯಿ. ಹೋಲಿಸಲು ಇನ್ನೊಂದು ಅಚ್ಚಿಲ್ಲ. ಇದ್ದರೂ ಗೆರೆಯಿಲ್ಲದ್ದನ್ನು ಗೆರೆಯಿಲ್ಲದ್ದರ ಜೊತೆ ಏನೆಂದು ಹೋಲಿಸುವುದು? ಆ ಕೈ ಮಣ್ಣಿನಲ್ಲಿದೆ.

"ತಜ್ಞನಾಗಿ ಹೇಳಕ್ಕಾಗಲ್ಲ ಸಾರ್" ಅಂದೆ. ವಕೀಲ ಕುರ್ಚಿಗೆ ಒರಗಿದ.

"ಮತ್ತೆ?"

"ಈಯಮ್ಮ ಹೇಳ್ತಿದಾರೆ. ನಾನು ನಂಬ್ತೀನಿ."

"ಯಾವ ಆಧಾರದ ಮೇಲೆ?"

"ಆಧಾರ ಏನೂ ಇಲ್ಲ. ನಂಬ್ತೀನಿ ಅಷ್ಟೆ."

ಕುರ್ಚಿಗಳ ಕಡೆಯಿಂದ ನಗು ಬಂತು. ವಿಷ್ಣು ತಲೆ ತಗ್ಗಿಸಿ ಹಣೆ ಉಜ್ಜಿಕೊಂಡ. ಅಧಿಕಾರಿ ನಗಲಿಲ್ಲ. ಹಾಗಾದರೆ ಅಷ್ಟನ್ನೇ ಬರೆದು ಸಹಿ ಮಾಡಿ ಅಂದ. ಬರೆದೆ. 'ಇದು ಗೂಳಪ್ಪನವರದೆಂದು ಅವರ ಹೆಂಡತಿ ಸಾವಂದಮ್ಮ ಹೇಳಿದ್ದಾರೆ. ನಾನು ಅವರನ್ನು ನಂಬುತ್ತೇನೆ. ಗೂಳಪ್ಪ ಮೋಸ ಮಾಡಿಲ್ಲ. ತಪ್ಪು ನನ್ನದು.' ಸಹಿ ಹಾಕುವಾಗ ಕೈ ನಡುಗಿತು, ಅಕ್ಷರ ಸೊಟ್ಟಗಾಯಿತು. ಗುಮಾಸ್ತ ಮೂವತ್ತೆಂಟು ಎಂದು ಬರೆದುಕೊಂಡ.

ರಸ್ತೆಯ ಬಗ್ಗೆ ಇವತ್ತೇನೂ ತೀರ್ಮಾನವಾಗಲಿಲ್ಲ. ಆಕ್ಷೇಪಣೆಗಳೆಲ್ಲ ದಾಖಲಾಗಿ ಮೇಲಕ್ಕೆ ಹೋಗುತ್ತವಂತೆ. ವರದಿ ಹೊಸದಾಗಿ ಬರೆಯಬೇಕಂತೆ.

ಆ ಹಾಳೆಯನ್ನು ಮೇಜಿನಿಂದ ಎತ್ತುವ ಮುಂಚೆ ಸಾವಂದಮ್ಮ ತಡೆದಳು. ನಾನು ಬರೆದ ಸಾಲುಗಳ ಮೇಲೆ ಬೆರಳಿಟ್ಟು ದಾನಮ್ಮನನ್ನು ಕರೆದಳು. "ಏನ್ ಬರ್ದವ್ನೆ, ಓದು." ದಾನಮ್ಮ ಓದಿದಳು. "ಇನ್ನೊಂದ್ಸಲ ಓದು. ಅಂಗೇ ಐತಾ? ಬ್ಯಾರೆ ಏನೂ ಸೇರಿಸಿಲ್ವಾ?" ದಾನಮ್ಮ ಮತ್ತೆ ಓದಿದಳು, ಒಂದೊಂದೇ ಪದ. ಅಷ್ಟಾದ ಮೇಲೆ ಆ ಹೆಂಗಸು ತಲೆಯಾಡಿಸಿ, ನನ್ನ ಕಡೆ ನೋಡದೆಯೇ ಹೋಗಿ ಚಾಪೆಯ ಮೇಲೆ ಕೂತಳು.

ಬಸ್ಸಿನಲ್ಲಿ ಅಲಮೇಲು, "ಅಷ್ಟು ಮಾಡಿದ್ರೂ ಒಂದು ಮಾತಾಡಲಿಲ್ಲವಲ್ರೀ ಆಯಮ್ಮ, ಬೇಜಾರಾಯ್ತಾ?" ಅಂದಳು. ಯಾಕೆ ಬೇಜಾರು? ನಾನಾಗಿದ್ದರೆ ಮೂರನೆಯ ಸಲವೂ ಓದಿಸುತ್ತಿದ್ದೆ.